ವ್ಯಾಟ್ ಹೇಳಿ ಮಾರೋರಿಗೆ ವೋಲ್ಟ್ ಕಾಣಲ್ವಾ?

"ಸಾರ್, ಇದು 500 ವ್ಯಾಟ್ ತಗೊಳತ್ತೆ. ನೂರರದ್ದು ಐದು ಪ್ಯಾನೆಲ್ ಹಾಕಿ, ಮುಗೀತು!"

ಪೋರ್ಟಬಲ್ ಪವರ್ ಸ್ಟೇಷನ್ ಮಾರೋರ ಈ ಮಾತು ಕೇಳಿದ್ರೆ ನಂಗೆ ಮೈ ಉರಿಯತ್ತೆ. ಕಳೆದ ತಿಂಗಳು ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಕೇಳಿದ್ದೂ ಇದೇ. "ಐದನ್ನೂ ಹೇಗೆ ಜೋಡಿಸ್ಬೇಕು, ಸೀರೀಸಾ ಪ್ಯಾರಲಲ್ಲಾ?" ಅಂದೆ. "ಹೇಗಾದ್ರೂ ಹಾಕಿ ಸಾರ್, ವ್ಯಾಟ್ ಅಷ್ಟೇ ತಾನೇ?"

ಅಲ್ಲ ಸ್ವಾಮಿ, ವ್ಯಾಟ್ ಅಷ್ಟೇ ಅಲ್ಲ!

ಇಕೋಫ್ಲೋ ಡೆಲ್ಟಾ 2 ಉದಾಹರಣೆಗೆ ತಗೊಳ್ಳಿ. ಅದರ ಸೋಲಾರ್ ಇನ್‌ಪುಟ್ 11ರಿಂದ 60 ವೋಲ್ಟ್, 15 ಆಂಪಿಯರ್, ಗರಿಷ್ಠ 500 ವ್ಯಾಟ್. ಮಾರೋರ ಬಾಯಲ್ಲಿ ಬರೋದು ಕೊನೇದು ಮಾತ್ರ. ಸಾಮಾನ್ಯ '12 ವೋಲ್ಟ್' 100 ವ್ಯಾಟ್ ಪ್ಯಾನೆಲ್ ಕೆಲಸ ಮಾಡೋದು ಸುಮಾರು 18 ವೋಲ್ಟಲ್ಲಿ, ಐದೂವರೆ ಆಂಪಿಯರ್ ಕೊಡತ್ತೆ. ಏನೂ ಜೋಡಿಸದೆ ಬಿಸಿಲಿಗಿಟ್ರೆ ತೋರಿಸೋದು ಸುಮಾರು 22 ವೋಲ್ಟ್. ಇದೇ ಓಪನ್ ಸರ್ಕ್ಯೂಟ್ ವೋಲ್ಟೇಜ್, ಪ್ಯಾನೆಲ್ ಬೆನ್ನಿನ ಚೀಟಿಯಲ್ಲಿರತ್ತೆ.

ಈಗ ಆ ಐದನ್ನ 'ಹೇಗಾದ್ರೂ' ಹಾಕೋಣ. ಸೀರೀಸಲ್ಲಿ ಹಾಕಿದ್ರೆ 110 ವೋಲ್ಟ್, 60ರ ಬಾಗಿಲಿಗೆ! ಪ್ಯಾರಲಲ್ ಹಾಕಿದ್ರೆ ಅಪಾಯ ಇಲ್ಲ, ಆದ್ರೆ 18 ವೋಲ್ಟ್ ಗುಣಿಸು 15 ಆಂಪಿಯರ್ ಅಂದ್ರೆ 270 ವ್ಯಾಟ್. ಅಲ್ಲಿಗೆ ಸುಮಾರು ಅರ್ಧದಷ್ಟು ಪ್ಯಾನೆಲ್ ದುಡ್ಡು ದಂಡ. ಈ ಡಬ್ಬಿ 500 ವ್ಯಾಟ್ ನುಂಗಬೇಕಾದ್ರೆ 33 ವೋಲ್ಟಿಗಿಂತ ಮೇಲೆ ಕೊಡಲೇಬೇಕು. ಅಂದ್ರೆ ಎರಡೆರಡು ಸೀರೀಸ್ ಮಾಡಿ, ಆ ಜೋಡಿಗಳನ್ನ ಪ್ಯಾರಲಲ್ ಮಾಡ್ಬೇಕು. ನಾಲ್ಕು ಪ್ಯಾನೆಲಲ್ಲೇ 36 ವೋಲ್ಟ್, 11 ಆಂಪಿಯರ್, ಹತ್ತಿರಹತ್ತಿರ 400 ವ್ಯಾಟ್! ಐದಕ್ಕಿಂತ ನಾಲ್ಕು ಹೆಚ್ಚು ಕೊಡತ್ತೆ ಅಂತ ಯಾವ ಅಂಗಡಿಯವ್ರು ಹೇಳ್ತಾರೆ, ನೀವೇ ಹೇಳಿ?

ವೋಲ್ಟಿಗೂ ಆಂಪಿಯರಿಗೂ ಇರೋ ವ್ಯತ್ಯಾಸ ಮನೆ ಮೇಲಿನ ಟ್ಯಾಂಕ್ ನೋಡಿದ್ರೆ ತಿಳಿಯತ್ತೆ. ಟ್ಯಾಂಕ್ ಎಷ್ಟೇ ಅಗಲ ಇರ್ಲಿ, ನಲ್ಲಿ ತನಗೆ ಬೇಕಾದಷ್ಟೇ ನೀರು ಬಿಡತ್ತೆ. ಎತ್ತರ ಜಾಸ್ತಿ ಆದ್ರೆ ಮಾತ್ರ ಪೈಪ್ ಒಡೆಯತ್ತೆ. ಹಾಗೇ, 15ರ ಮಿತಿಗೆ 20 ಆಂಪಿಯರ್ ಕೊಡಬಲ್ಲ ಪ್ಯಾನೆಲ್ ಇದ್ರೂ ಒಳಗಿನ ಚಾರ್ಜ್ ಕಂಟ್ರೋಲರ್ 15ಕ್ಕೇ ನಿಲ್ಲಿಸ್ಕೊಳತ್ತೆ. ವೋಲ್ಟ್ ಹಾಗಲ್ಲ. ಪ್ಲಗ್ ಚುಚ್ಚಿದ ಕ್ಷಣವೇ ಪೂರ್ತಿ ಬಂದು ಕೂರತ್ತೆ.

ಇನ್ನೊಂದು ತಮಾಷೆ ಚಳಿಯದ್ದು. ಬಿಸಿ ಆದಷ್ಟೂ ಸೋಲಾರ್ ವೋಲ್ಟೇಜ್ ಏರತ್ತೆ ಅಂತ ಇಂಜಿನಿಯರಿಂಗ್ ಓದಿದೋರೇ ವಾದ ಮಾಡ್ತಾರೆ. ಇಳಿಯತ್ತೆ ಕಣ್ರೀ! ಚೀಟಿಯಲ್ಲಿರೋದು ಸೆಲ್ 25 ಡಿಗ್ರಿ ಇದ್ದಾಗಿನ ಲೆಕ್ಕ. ಅಲ್ಲಿಂದ ಒಂದೊಂದು ಡಿಗ್ರಿ ಇಳಿದಾಗಲೂ ಸುಮಾರು 0.3% ವೋಲ್ಟ್ ಏರತ್ತೆ. 29 ವೋಲ್ಟಿನ ಎರಡು ಪ್ಯಾನೆಲ್ ಸೀರೀಸಲ್ಲಿ 58, "60ರೊಳಗೇ ಇದೆ" ಅಂತ ಖುಷಿಪಡೋ ಹಾಗಿಲ್ಲ. 10 ಡಿಗ್ರಿ ಚಳಿಯ ಬೆಳಿಗ್ಗೆ ಅದು 60 ದಾಟಿರತ್ತೆ. ಕೊಡಗು, ಚಿಕ್ಕಮಗಳೂರಿನವ್ರಿಗೆ ಅಂಥ ಬೆಳಿಗ್ಗೆ ಏನು ಅಪರೂಪವಾ? ಬೆಂಗಳೂರೇ 1884ರ ಜನವರಿಯಲ್ಲಿ 7.8ಕ್ಕೆ ಇಳಿದಿತ್ತು. ಮಿತಿಗಿಂತ 15% ಕೆಳಗೇ ಇರ್ಬೇಕು ಅನ್ನೋದು ನನ್ನ ಹಠ.

"ಒಳಗೆ ಓವರ್ ವೋಲ್ಟೇಜ್ ಪ್ರೊಟೆಕ್ಷನ್ ಇರತ್ತೆ ಬಿಡಿ" ಅನ್ನೋರೂ ಇದ್ದಾರೆ. ಇರ್ಬಹುದು. ಎಷ್ಟು ವೋಲ್ಟಿನ ತನಕ? 65ಕ್ಕಾ, 110ಕ್ಕಾ? ಡಬ್ಬದ ಮೇಲೆ 500 ವ್ಯಾಟ್ ಅಂತ ಅಂಗೈಯಗಲ ಅಕ್ಷರದಲ್ಲಿ ಅಚ್ಚು ಹಾಕೋಕೆ ಜಾಗ ಇದ್ದೋರಿಗೆ, ಪಕ್ಕದಲ್ಲಿ '60 ವೋಲ್ಟ್ ಮೀರಬಾರದು' ಅಂತ ಅಷ್ಟೇ ದಪ್ಪಗೆ ಹಾಕೋಕೆ ಏನು ಕಷ್ಟ? ಅದು ಮ್ಯಾನ್ಯುಯಲ್ ಒಳಗೆ, ಇರುವೆ ಗಾತ್ರದ ಅಕ್ಷರದಲ್ಲಿ ಯಾಕಿರ್ಬೇಕು? ಹತ್ತಾರು ಸಾವಿರ ಸುರಿದು, ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದ ಊರಿಗೆ ಅಪ್ಪ ಅಮ್ಮನಿಗೆ ಅಂತ ಒಯ್ಯೋರು ಇದನ್ನ ಹುಡುಕಿ ಓದ್ತಾರಾ?

ಅದು ಬದಲಾಗೋ ತನಕ ಒಂದು ಮಲ್ಟಿಮೀಟರ್ ತಗೊಳ್ಳಿ. ಜೋಡಿಸಿದ ಪ್ಯಾನೆಲ್‌ಗಳ ವೋಲ್ಟೇಜನ್ನ ಬೆಳಿಗ್ಗೆ ಎಳೆ ಬಿಸಿಲಲ್ಲೇ ಅಳೀರಿ, ಪ್ಲಸ್ ಮೈನಸ್ ಸರಿ ಇದೆಯಾ ನೋಡ್ಕೊಳ್ಳಿ, ಆಮೇಲೆ ಪ್ಲಗ್ ಚುಚ್ಚಿ. ಅಂಗಡಿಯವ್ರು ನಕ್ರೆ ನಗ್ಲಿ.