ಪೇಶ್ವೆ ಬಿದ್ದ ಮೇಲೆ



ಜಪಾನಿನ ಚಕ್ರವರ್ತಿ ಕ್ಯೋಟೋದಲ್ಲಿ ಹೆಸರಿಗೆ ಮಾತ್ರ ಇದ್ದ. ಅಧಿಕಾರ ಎಡೋದ ಶೋಗುನ್ ಕೈಯಲ್ಲಿತ್ತು. 1868ರಲ್ಲಿ ಅದು ಮುಗಿದಾಗ ಸಮುರಾಯ್ ದೊರೆಗಳ ಪಾಡೇನಾಯಿತೆಂದು ನೀವು ಓದಿರಬಹುದು. ಅದಕ್ಕೂ ಐವತ್ತು ವರ್ಷ ಮೊದಲೇ ನಮ್ಮ ಪುಣೆ ಅಂಥದನ್ನು ಕಂಡಿತ್ತು. ಛತ್ರಪತಿ ಸಾತಾರೆಯಲ್ಲಿ, ಅಧಿಕಾರ ಪುಣೆಯ ಪೇಶ್ವೆಯಲ್ಲಿ. 1818ರ ಜೂನ್‌ನಲ್ಲಿ ಎರಡನೆಯ ಬಾಜೀರಾಯ ಇಂಗ್ಲಿಷರಿಗೆ ಶರಣಾದ.

ಅವನ ಸರದಾರರಲ್ಲಿ ಸಾಂಗ್ಲಿಯ ಚಿಂತಾಮಣರಾವ್ ಪಟವರ್ಧನರೊಬ್ಬರು. ನಮ್ಮ ಶಿರಹಟ್ಟಿ, ತೇರದಾಳಗಳು ಅವರ ಸಂಸ್ಥಾನದವೇ. ಕಂಪನಿಗೆ ಕುದುರೆ ದಂಡು ಕಳಿಸಲು ಅವರು ಒಲ್ಲೆನೆಂದರು. ಬದಲಿಗೆ ವರ್ಷಕ್ಕೆ 1,35,000 ರೂಪಾಯಿ ಹುಟ್ಟುವಳಿಯ ಊರುಗಳನ್ನೇ ಬಿಟ್ಟುಕೊಟ್ಟರು. ಹಟವೆನ್ನಿ, ಮಾನವೆನ್ನಿ. ಹಾಗೆಂದು ವೈರಿಯೇನೂ ಆಗಲಿಲ್ಲ. 1846ರಲ್ಲಿ ಕಂಪನಿಯೇ ಅವರಿಗೆ ಖಡ್ಗ ಕೊಟ್ಟು ಗೌರವಿಸಿತು!

ನನಗೆ ಹೆಚ್ಚು ಹಿಡಿಸುವುದು ಬೇರೆ ಸಂಗತಿ. ಹೊನ್ನಾವರದ ಹತ್ತಿರದ ಕರ್ಕಿಯ ಭಾಗವತರ ಮೇಳ ಸಾಂಗ್ಲಿಗೆ ಬಂದು ಆಟ ಆಡಿತು. ನೋಡಿದ ದೊರೆ, ಮರಾಠಿಯಲ್ಲೂ ಅಂಥದು ಆಗಲೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ‘ಸೀತಾ ಸ್ವಯಂವರ’ ಹುಟ್ಟಿದ್ದು ಹಾಗೆ. ಮರಾಠಿ ರಂಗಭೂಮಿ ತನ್ನ ಆರಂಭವೆಂದು ಎಣಿಸುವುದು ಅದನ್ನೇ. ಮುಂದಿನ ನವೆಂಬರ್ 5ರಂದು, ಮರಾಠಿ ರಂಗಭೂಮಿ ದಿನ, ನಿಮ್ಮ ಕಾಲೇಜಿನ ಗೆಳೆಯರನ್ನು ಕರ್ಕಿ ಎಲ್ಲಿದೆಯೆಂದು ಕೇಳಿ ನೋಡಿ. ಸ್ವಾರಗೇಟದಿಂದ ಸಾಂಗ್ಲಿ ಬಸ್ಸು ಹಿಡಿದರೆ ಚಿಂತಾಮಣರಾಯರು ಕಟ್ಟಿಸಿದ ಗಣಪತಿ ಗುಡಿಯನ್ನೂ ನೋಡಿ ಬನ್ನಿ.