ರಕ್ತದ ಬಗ್ಗೆ ಓದುವವರೇ ರಕ್ತ ಕೊಡುವುದು ಕಡಿಮೆ: ಏಕೆ?

‘ಎರಡು ಯೂನಿಟ್ ರಕ್ತ ಬೇಕು, ಬದಲಿಗೆ ಇಬ್ಬರು ದಾನಿಗಳನ್ನು ಕರೆತನ್ನಿ.’ ಮುಂಬೈ, ಪುಣೆ, ದೆಹಲಿಯಂಥ ಊರಿನಲ್ಲಿ ಬಂಧುಬಳಗ ಕಡಿಮೆ ಇರುವ ನಮ್ಮಂಥವರಿಗೆ ಆಸ್ಪತ್ರೆಯಲ್ಲಿ ಈ ಮಾತು ಕೇಳಿದರೆ ಕೈಕಾಲೇ ಆಡುವುದಿಲ್ಲ. ಅದೇ ಆವರಣದಲ್ಲಿ ನೂರಾರು ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ವಿದ್ಯಾರ್ಥಿಗಳು ಓಡಾಡುತ್ತಿರುತ್ತಾರೆ. ‘ಇವರೇಕೆ ಕೊಡಬಾರದು?’ ಎಂದು ನಿಮಗೆ ಅನ್ನಿಸಿದರೆ ಅದು ಸಹಜ.

ಇಂಥ ವಿದ್ಯಾರ್ಥಿಗಳ ಸಮೀಕ್ಷೆ ದೇಶದ ಹಲವು ಕಾಲೇಜುಗಳಲ್ಲಿ ನಡೆದಿದೆ. ಮತ್ತೆ ಮತ್ತೆ ಕಾಣುವ ಚಿತ್ರ ಹೆಚ್ಚುಕಡಿಮೆ ಒಂದೇ: ತಿಳಿವಳಿಕೆ ಇದೆ, ಒಳ್ಳೆಯ ಅಭಿಪ್ರಾಯವೂ ಇದೆ, ಆದರೆ ನಿಜವಾಗಿ ರಕ್ತ ಕೊಟ್ಟವರು ಕಡಿಮೆ. ಸೂಜಿಯ ಭಯ, ನಿಶ್ಶಕ್ತಿಯ ಆತಂಕ, ಮನೆಯವರ ಆಕ್ಷೇಪ ಇವೆಲ್ಲ ಅವರು ಹೇಳುವ ಕಾರಣಗಳು. ಜೊತೆಗೆ ಇನ್ನೊಂದು: ‘ನಮ್ಮನ್ನು ಯಾರೂ ಕೇಳಲೇ ಇಲ್ಲ.’

ಆದರೆ ‘ಕೊಟ್ಟಿಲ್ಲ’ ಎಂದರೆ ‘ಮನಸ್ಸಿಲ್ಲ’ ಎಂದಲ್ಲ. ದಾನಿಗೆ 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ ಇರಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ನರ್ಸಿಂಗ್ ತರಗತಿಗಳಲ್ಲಿ ಹುಡುಗಿಯರೇ ಹೆಚ್ಚು. ಶಿಬಿರಕ್ಕೆ ಬಂದು ‘ಈಗ ಆಗುವುದಿಲ್ಲ’ ಎನ್ನಿಸಿಕೊಂಡವರಲ್ಲಿ ಅನೇಕರು ಅದನ್ನು ‘ಎಂದೂ ಆಗುವುದಿಲ್ಲ’ ಎಂದೇ ತಿಳಿದು ಮತ್ತೆ ಬರುವುದಿಲ್ಲ.

ಇನ್ನು ಕೊಡುವ ವಿದ್ಯಾರ್ಥಿಗಳೂ ವರ್ಷವಿಡೀ ಸಿಗುವುದಿಲ್ಲ. ಪರೀಕ್ಷೆ, ಬೇಸಿಗೆ ರಜೆ ಬಂದರೆ ಕಾಲೇಜು ಶಿಬಿರಗಳು ನಿಲ್ಲುತ್ತವೆ, ಬ್ಲಡ್ ಬ್ಯಾಂಕ್‌ಗಳಲ್ಲಿ ಕೊರತೆ ಶುರುವಾಗುತ್ತದೆ. ಕೂಡಿಟ್ಟುಕೊಳ್ಳೋಣವೆಂದರೆ ಕೆಂಪು ರಕ್ತಕಣ ಉಳಿಯುವುದು 35ರಿಂದ 42 ದಿನ, ಪ್ಲೇಟ್‌ಲೆಟ್ ಕೇವಲ 5 ದಿನ. ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಶಿಬಿರಕ್ಕಿಂತ ಮೂರು ನಾಲ್ಕು ಸಣ್ಣ ಶಿಬಿರಗಳು ರೋಗಿಗೆ ಹೆಚ್ಚು ಉಪಯೋಗ.

ಈ ಕೊರತೆಯ ಭಾರ ಕೊನೆಗೆ ಬೀಳುವುದು ನಿಮ್ಮ ಹೆಗಲ ಮೇಲೆ. ಬದಲಿ ದಾನಿಗಳ ಪದ್ಧತಿ ಕ್ರಮೇಣ ಹೋಗಬೇಕೆಂಬುದು 2002ರ ರಾಷ್ಟ್ರೀಯ ರಕ್ತ ನೀತಿಯ ಆಶಯ. ಬಲವಂತಕ್ಕೆ ಬಂದ ಬಂಧುವೊಬ್ಬರು ತಮ್ಮ ಕಾಯಿಲೆಯನ್ನು ಮುಚ್ಚಿಡುವ ಸಾಧ್ಯತೆ ಹೆಚ್ಚು. ಹೊಸ ಸೋಂಕು ಪರೀಕ್ಷೆಯಲ್ಲಿ ಕೆಲವು ದಿನ ಕಾಣದೆಯೂ ಇರಬಹುದು. ಸ್ವಇಚ್ಛೆಯಿಂದ, ನಿಯಮಿತವಾಗಿ ಕೊಡುವವರ ರಕ್ತವೇ ಹೆಚ್ಚು ಸುರಕ್ಷಿತ.

ಹಾಗಾದರೆ ನೀವೇನು ಮಾಡಬಹುದು?

• ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಕೂಡಲೇ ರಕ್ತ ಬೇಕಾದೀತೇ ಎಂದು ವೈದ್ಯರನ್ನು ಕೇಳಿ.

• ಹತ್ತಿರದ ಬ್ಲಡ್ ಬ್ಯಾಂಕ್‌ಗಳಲ್ಲಿರುವ ದಾಸ್ತಾನನ್ನು ಸರ್ಕಾರದ ಇ-ರಕ್ತಕೋಶ್ ಜಾಲತಾಣದಲ್ಲಿ ನೋಡಿ, ಹೊರಡುವ ಮೊದಲು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

• ಹಣ ಕೇಳುವ ದಾನಿ ಎದುರಾದರೆ ಒಪ್ಪಬೇಡಿ. ಸುಪ್ರೀಂ ಕೋರ್ಟ್‌ನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ಹಣಕ್ಕೆ ರಕ್ತ ಕೊಡುವುದು ನಿಷಿದ್ಧ.

• ನಿಮ್ಮ ಮನೆಯ ಮಕ್ಕಳು ಕಾಲೇಜಿನಲ್ಲಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಕಡಿಮೆಯಿದ್ದರೆ ಚಿಕಿತ್ಸೆ ಕೊಡಿಸಿ. ಸರಿಯಿದ್ದು ಅವರು ರಕ್ತ ಕೊಡಲು ಹೊರಟರೆ ‘ಬೇಡ, ಸುಸ್ತಾಗುತ್ತೆ’ ಎಂದು ತಡೆಯಬೇಡಿ. ಗಂಡಸರು 90, ಹೆಂಗಸರು 120 ದಿನಗಳ ಅಂತರದಲ್ಲಿ ಮತ್ತೆ ಕೊಡಬಹುದು.

ಆ ವಿದ್ಯಾರ್ಥಿಗಳಿಗೆ ತಿಳಿವಳಿಕೆಯ ಕೊರತೆಯಿಲ್ಲ. ಬೇಕಾಗಿರುವುದು ಕಾಲೇಜಿನಿಂದ ಒಂದು ಕರೆ, ಮನೆಯಿಂದ ಒಂದು ಒಪ್ಪಿಗೆ.