ಇಂಜಿನಿಯರಿಂಗ್ ಕಾಲೇಜುಗಳೂ ಉಪಾಧ್ಯಾಯರ ಬಡ್ತಿಯೂ

ಬೆಂಗಳೂರಿನಲ್ಲಿ ೧೯೧೭ರಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾದಾಗ ಅದರ ಪ್ರಯೋಜನದ ವಿಷಯದಲ್ಲಿ ಯಾರಿಗೂ ಸಂದೇಹವಿರಲು ಕಾರಣವಿರಲಿಲ್ಲ. ಶಿವನಸಮುದ್ರದ ವಿದ್ಯುತ್ತು ೧೯೦೨ರಿಂದಲೇ ಕೋಲಾರದ ಚಿನ್ನದ ಗಣಿಗಳಿಗೆ ಹರಿಯುತ್ತಿದ್ದಿತು. ಕನ್ನಂಬಾಡಿಯಲ್ಲಿ ಕಟ್ಟೆ ಏಳುತ್ತಿದ್ದಿತು. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಕೈಗೊಂಡಿದ್ದ ಕಾರ್ಯಗಳಿಗೆಲ್ಲ ಈ ನಾಡಿನವರೇ ಆದ ಕುಶಲರು ಬೇಕಾಗಿದ್ದರು. ಕಾಲೇಜು ಅವರನ್ನು ಒದಗಿಸಿಕೊಟ್ಟಿತು. ಕಟ್ಟುವುದು ಅಂದಿನ ಇಂಜಿನಿಯರನ ಧರ್ಮವಾಗಿದ್ದಿತು. ಕಟ್ಟಿದುದನ್ನು ಬಾಳಿಸುವುದು, ಮುಂದಿನವರ ಪಾಲಿನ ನೀರನ್ನೂ ಮಣ್ಣನ್ನೂ ಕಾಡನ್ನೂ ಕಸಿಯದೆ ಇಂದಿನವರ ಅವಶ್ಯಕತೆಗಳನ್ನು ಪೂರೈಸುವುದು ಇಂದಿನ ಇಂಜಿನಿಯರನ ಧರ್ಮವಾಗಿದೆ. ಸುಸ್ಥಿರತೆ ಎಂದು ಈಗ ಎಲ್ಲರ ಬಾಯಲ್ಲಿರುವ ಮಾತಿನ ಅರ್ಥ ಇಷ್ಟೇ.

ಈ ಧರ್ಮವನ್ನು ಬೋಧಿಸಲು ನಮ್ಮ ಕಾಲೇಜುಗಳು ಸಿದ್ಧವಾಗಿವೆಯೇ? ೨೦೨೪ರ ಬೇಸಗೆಯಲ್ಲಿ ಬೆಂಗಳೂರಿನ ಬೀದಿಬೀದಿಗಳಲ್ಲಿ ನೀರಿನ ಟ್ಯಾಂಕರಿಗಾಗಿ ಜನರು ಕಾದು ನಿಂತುದನ್ನು ವಾಚಕರು ಮರೆತಿರಲಾರರು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತದ ಯೋಜನೆ ಪ್ರಾರಂಭವಾಗಿ ದಿನಕ್ಕೆ ೭೭೫ ದಶಲಕ್ಷ ಲೀಟರು ನೀರು ಹೆಚ್ಚಾಗಿ ಬರುವ ಏರ್ಪಾಟಾಯಿತು. ಕೆಲಸ ದೊಡ್ಡದು, ಶ್ಲಾಘ್ಯವಾದುದು. ಆದರೆ ಸುಮಾರು ನೂರು ಕಿಲೋಮೀಟರು ದೂರದಿಂದ, ಸುಮಾರು ಐನೂರು ಮೀಟರು ಎತ್ತರಕ್ಕೆ, ಹಗಲಿರುಳು ವಿದ್ಯುತ್ತನ್ನು ವ್ಯಯಿಸಿ ನೀರನ್ನು ಏರಿಸುತ್ತಿರುವ ಪಟ್ಟಣದಲ್ಲಿಯೇ ಬೆಳ್ಳಂದೂರಿನ ಕೆರೆ ನೊರೆಯುಗುಳಿ, ೨೦೧೫ರಲ್ಲಿಯೂ ೨೦೧೭ರಲ್ಲಿಯೂ ಬೆಂಕಿ ಹೊತ್ತಿಕೊಂಡಿತೆಂಬುದನ್ನು ನೆನೆದರೆ, ನಮ್ಮಲ್ಲಿ ಕೊರತೆಯಿರುವುದು ಕಟ್ಟುವ ವಿದ್ಯೆಗಲ್ಲ, ಬಾಳಿಸುವ ವಿದ್ಯೆಗೆ ಎಂಬುದು ತಾನಾಗಿಯೇ ಮನದಟ್ಟಾಗುವುದು.

ಅಧಿಕಾರಿವರ್ಗದವರು ಇದಕ್ಕೆ ಏನನ್ನೂ ಮಾಡಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಪರಿಸರದ ಪಾಠವು ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯವಾಗಿರತಕ್ಕದ್ದೆಂದು ಸುಪ್ರೀಂ ಕೋರ್ಟು ೧೯೯೧ರಲ್ಲಿಯೇ ನಿರ್ದೇಶಿಸಿತು; ೨೦೦೩ರಲ್ಲಿ ಮತ್ತೊಮ್ಮೆ ಎಚ್ಚರಿಸಿತು. ಇಂಜಿನಿಯರಿಂಗ್ ಪದವಿಗಳನ್ನು ಪರಸ್ಪರ ಮಾನ್ಯಮಾಡುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತವು ೨೦೧೪ರಲ್ಲಿ ಪೂರ್ಣಸದಸ್ಯವಾಯಿತು. ಪದವೀಧರನಿಗೆ ಪರಿಸರದ ಮತ್ತು ಸುಸ್ಥಿರತೆಯ ತಿಳಿವಳಿಕೆ ಇರಬೇಕೆಂಬ ನಿಯಮವೂ ಅದರೊಡನೆ ಬಂದಿತು. ಹೀಗೆ ಆಜ್ಞೆಗಳಿಗೆ ಬರವಿಲ್ಲ. ಫಲವೇನಾಯಿತು? ಬಹುಮಟ್ಟಿಗೆ ಒಂದು ಪತ್ರಿಕೆ ಹೆಚ್ಚಾಯಿತು. ವಿದ್ಯಾರ್ಥಿಯು ಅದನ್ನು ಪರೀಕ್ಷೆಯ ಹಿಂದಿನ ರಾತ್ರಿ ಓದಿ ಮರುದಿನ ಮರೆಯುವನು. ಪಕ್ಕದ ಕೊಠಡಿಯಲ್ಲಿ ಕಾಂಕ್ರೀಟಿನ ಪಾಠ, ಮೋಟಾರಿನ ಪಾಠ, ರಸ್ತೆಯ ಪಾಠ ಹಿಂದಿನಂತೆಯೇ ನಡೆಯುವುವು. ಎಲೆಯ ತುದಿಯಲ್ಲಿ ಬಡಿಸಿದ ಉಪ್ಪಿನಿಂದ ಇಡಿಯ ಊಟಕ್ಕೆ ರುಚಿ ಬಂದೀತೆಂದು ನಿರೀಕ್ಷಿಸಿದಂತಾಯಿತು.

ಪಾಠಪಟ್ಟಿಯನ್ನು ತಿದ್ದುವವರು ಪಾಠ ಹೇಳುವವನ ಬಾಳನ್ನು ಗಮನಿಸದಿರುವುದೇ ಈ ವೈಫಲ್ಯದ ಮೂಲವೆಂದು ನಮ್ಮ ಅಭಿಪ್ರಾಯ. ತರುಣ ಉಪಾಧ್ಯಾಯನೊಬ್ಬನು ತನ್ನ ಊರಿನ ಕೆರೆಯ ಲೆಕ್ಕ ತೆಗೆಯಲು, ಕಡಿಮೆ ಸಿಮೆಂಟಿನ ಮನೆಯನ್ನು ಕಟ್ಟಿ ನೋಡಲು, ತನ್ನ ಕಾಲೇಜಿನ ವಿದ್ಯುತ್ತಿನ ವೆಚ್ಚವನ್ನು ವಿದ್ಯಾರ್ಥಿಗಳಿಂದಲೇ ಪರೀಕ್ಷೆ ಮಾಡಿಸಲು ಹೊರಟನೆನ್ನೋಣ. ಇವು ಒಂದು ವಿಭಾಗದ ಗಡಿಯೊಳಗೆ ನಿಲ್ಲುವ ಕೆಲಸಗಳಲ್ಲ; ಒಂದು ವರ್ಷದಲ್ಲಿ ಮುಗಿಯುವುವೂ ಅಲ್ಲ. ಬಡ್ತಿಯ ವೇಳೆಯಲ್ಲಿ ಮುಖ್ಯವಾಗಿ ಎಣಿಕೆಗೆ ಬರುವುದು ಅಚ್ಚಾದ ಪ್ರಬಂಧಗಳು. ಯು.ಜಿ.ಸಿ.ಯವರು ೨೦೧೦ರಲ್ಲಿ ಅಂಕಗಳ ಪದ್ಧತಿಯನ್ನು ಜಾರಿಗೆ ತಂದಂದಿನಿಂದ ಈ ಎಣಿಕೆಯೇ ಪ್ರಧಾನವಾಯಿತು. ಅನಂತರದ ನಿಯಮಗಳಲ್ಲಿ ಸಮಾಜಕಾರ್ಯಕ್ಕೂ ಅಲ್ಪಸ್ವಲ್ಪ ಸ್ಥಾನ ದೊರೆತಿರುವುದನ್ನು ನಾವು ಬಲ್ಲೆವು. ಆದರೆ ಅಲ್ಪಸ್ವಲ್ಪವನ್ನು ನಂಬಿ ಸಂಸಾರಸ್ಥನು ತನ್ನ ಹತ್ತು ವರ್ಷಗಳನ್ನು ಪಣವಾಗಿಡಲಾರನು. ಹಾಗೆ ಇಡಲಿಲ್ಲವೆಂದು ಅವನನ್ನು ದೂಷಿಸುವ ಹಕ್ಕು ನಮಗೂ ಇಲ್ಲ.

ಸಂಸ್ಥೆ ಎಡೆಮಾಡಿಕೊಟ್ಟರೆ ಏನಾಗಬಲ್ಲುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. ಬೆಂಗಳೂರಿನವರೇ ಆದ ಅಮೂಲ್ಯ ರೆಡ್ಡಿಯವರು (೧೯೩೦–೨೦೦೬) ವಿದ್ಯುದ್ರಸಾಯನ ಶಾಸ್ತ್ರದಲ್ಲಿ ಜಗತ್ಪ್ರಸಿದ್ಧರು. ಬಾಕ್ರಿಸ್ ಅವರೊಡನೆ ಅವರು ಬರೆದು ೧೯೭೦ರಲ್ಲಿ ಪ್ರಕಟವಾದ ಗ್ರಂಥ ಆ ಶಾಸ್ತ್ರದ ಪಠ್ಯವೇ ಆಯಿತು. ಆ ಹಾದಿಯಲ್ಲಿಯೇ ನಡೆದಿದ್ದರೆ ಅವರಿಗೆ ಯಾವ ಕೊರತೆಯೂ ಇರುತ್ತಿರಲಿಲ್ಲ. ಆದರೂ ೧೯೭೪ರಲ್ಲಿ, ಸತೀಶ್ ಧವನ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗ, ರೆಡ್ಡಿಯವರು ಗ್ರಾಮಗಳ ಕಷ್ಟಗಳಿಗೆ ವಿಜ್ಞಾನದ ನೆರವನ್ನು ಒದಗಿಸುವ 'ಅಸ್ತ್ರ' ಎಂಬ ಶಾಖೆಯನ್ನು ಅಲ್ಲಿ ಸ್ಥಾಪಿಸಿದರು. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅದರ ಕೇಂದ್ರ ತೆರೆಯಿತು. ಕೆ. ಎಸ್. ಜಗದೀಶ್ ಮೊದಲಾದ ಉಪಾಧ್ಯಾಯರು ಒತ್ತುಮಣ್ಣಿನ ಇಟ್ಟಿಗೆಯ ಕೆಲಸದಲ್ಲಿ ತೊಡಗಿದರು. ಹೊಗೆಯನ್ನೂ ಸೌದೆಯ ಖರ್ಚನ್ನೂ ತಗ್ಗಿಸುವ ಅಸ್ತ್ರ ಒಲೆ ಕರ್ನಾಟಕದ ಅಡುಗೆಮನೆಗಳನ್ನು ಹೊಕ್ಕಿತು. ಆ ಶಾಖೆಯೇ ಈಗ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಗಿದೆ.

ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಗ್ರಾಮದಲ್ಲಿ ಅವರು ಕಲಿತ ಪಾಠವನ್ನು ಪ್ರತಿಯೊಂದು ಕಾಲೇಜಿನಲ್ಲಿಯೂ ಹೇಳಬೇಕಾಗಿದೆ. ಊರಿನ ಸೆಗಣಿಯಿಂದ ಅನಿಲವನ್ನು ಉತ್ಪಾದಿಸಿ ಮನೆಮನೆಯ ಒಲೆಗೆ ಕೊಡಬೇಕೆಂಬುದು ಮೊದಲ ಯೋಚನೆ. ಸೆಗಣಿ ಅದಕ್ಕೆ ಸಾಲಲಿಲ್ಲ. ಆಗ ಅವರು ಜನರ ಅವಶ್ಯಕತೆಗಳನ್ನು ಮರಳಿ ಪರಿಶೀಲಿಸಿ, ಅದೇ ಅನಿಲದಿಂದ ಎಂಜಿನ್ ನಡೆಸಿ, ವಿದ್ಯುತ್ತನ್ನು ಪಡೆದು, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೆ ಹರಿಸಿದರು, ಮನೆಗಳಿಗೆ ದೀಪವನ್ನಿತ್ತರು. ೧೯೮೭ರಿಂದ ಹಲವು ವರ್ಷ ಇದು ನಡೆಯಿತು. ಸೆಗಣಿ ತಂದವರಿಗೆ ಹಣ ಸಂದಿತು. ಗೊಬ್ಬರ ಹೊಲಕ್ಕೆ ಹಿಂದಿರುಗಿತು. ತನ್ನ ಲೆಕ್ಕ ತಪ್ಪಿತೆಂದು ಒಪ್ಪಿಕೊಂಡು ಜನರಿಂದ ಕಲಿಯುವ ವಿನಯವೂ ಇಂಜಿನಿಯರನ ವಿದ್ಯೆಯ ಒಂದು ಅಂಗವೆಂಬುದನ್ನು ಯಾವ ಪ್ರಶ್ನಪತ್ರಿಕೆ ಕಲಿಸೀತು?

ಆದರೆ ಪುರದ ಆ ಏರ್ಪಾಟು ಕೊನೆಯವರೆಗೆ ಉಳಿಯಲಿಲ್ಲವೆಂಬುದನ್ನೂ ಮರೆಮಾಚಬಾರದು. 'ಅಸ್ತ್ರ'ದಂತಹ ಶಾಖೆಗಳು ನಾಡಿನ ಕಾಲೇಜುಗಳಲ್ಲೆಲ್ಲ ಹರಡಲೂ ಇಲ್ಲ. ಮಹಾಪುರುಷರ ಉತ್ಸಾಹ ಒಂದು ದೀಪವನ್ನು ಹೊತ್ತಿಸಬಲ್ಲುದು. ಎಣ್ಣೆ ಎರೆಯುವ ನಿತ್ಯದ ಏರ್ಪಾಟನ್ನು ಸಂಸ್ಥೆಯೇ ಮಾಡಬೇಕು.

ಸಂಸ್ಥೆ ತನ್ನನ್ನು ತಾನು ಬದಲಾಯಿಸಿಕೊಳ್ಳುವ ಬಗೆಗೆ ಹಾಲೆಂಡಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯ ಗಮನಾರ್ಹವಾದ ಉದಾಹರಣೆ. ಅಲ್ಲಿಯವರು ೧೯೯೮ರಲ್ಲಿ ಮೂರು ನಿರ್ಣಯಗಳನ್ನು ಮಾಡಿದರು: ಎಲ್ಲರಿಗೂ ಒಂದು ಪ್ರಾರಂಭಿಕ ಪಾಠ, ಎಲ್ಲ ವಿಭಾಗಗಳ ನಿತ್ಯದ ಪಾಠಗಳಲ್ಲಿಯೂ ಈ ವಿಷಯದ ಹೆಣಿಗೆ, ಇಚ್ಛೆಯುಳ್ಳವರಿಗೆ ವಿಶೇಷಾಭ್ಯಾಸವೂ ಪದವಿಯಲ್ಲಿ ಅದರ ಉಲ್ಲೇಖವೂ. ಎರಡನೆಯದೇ ಎಲ್ಲಕ್ಕಿಂತ ಕಠಿನ. ಅದನ್ನು ಸಾಧಿಸಲು ಅವರು ಸುತ್ತೋಲೆಯೊಂದನ್ನೇ ನೆಚ್ಚಲಿಲ್ಲ. ವಿಷಯವನ್ನು ಬಲ್ಲವರು ಒಬ್ಬೊಬ್ಬ ಉಪಾಧ್ಯಾಯರ ಬಳಿಗೂ ಹೋಗಿ, 'ನಿಮ್ಮ ಶಾಸ್ತ್ರವು ಸುಸ್ಥಿರತೆಗೆ ಏನನ್ನು ಕೊಡಬಲ್ಲುದು?' ಎಂದು ವಿಚಾರಿಸಿದರು. ಉಪದೇಶಿಸಬಂದವನನ್ನು ಬಾಗಿಲಲ್ಲಿಯೇ ತಡೆಯುವ ಪಂಡಿತನೂ ತನ್ನ ಶಾಸ್ತ್ರದ ಹಿರಿಮೆಯನ್ನು ಕೇಳಬಂದವನಿಗೆ ಮಣೆಹಾಕುವನು. ಮನುಷ್ಯಸ್ವಭಾವವನ್ನು ಅರಿತು ಮಾಡಿದ ಸುಧಾರಣೆ ಇದು.

'ವಿದ್ಯಾರ್ಥಿಗಳಿಗೆ ಬೇಕಾದುದು ಉದ್ಯೋಗ. ಕಂಪನಿಗಳು ಕೇಳುವುದು ಗಣಕಯಂತ್ರದ ಕೌಶಲ. ಈ ಆದರ್ಶಗಳಿಂದ ಹೊಟ್ಟೆ ತುಂಬೀತೇ?' ಎಂದು ಕೆಲವರು ಕೇಳಬಹುದು. ಪ್ರಶ್ನೆ ಉಪೇಕ್ಷಣೀಯವಲ್ಲ. ಸಾಲಮಾಡಿ ಮಗನನ್ನೋ ಮಗಳನ್ನೋ ಓದಿಸುವ ತಂದೆತಾಯಿಗಳ ಆತಂಕ ನಮಗೆ ತಿಳಿಯದುದಲ್ಲ. ಆದರೆ ಪಾವಗಡದ ಬರಡು ನೆಲದಲ್ಲಿ ೨೦೫೦ ಮೆಗಾವಾಟಿನ ಸೌರವಿದ್ಯುತ್ ಸ್ಥಾವರ ಎದ್ದುನಿಂತಿದೆ. ಕೊಳಚೆನೀರಿನ ಶುದ್ಧೀಕರಣ, ಕಸದ ವಿಲೇವಾರಿ, ಮಳೆನೀರಿನ ಸಂಗ್ರಹ, ಹಳೆಯ ಸೇತುವೆಗಳ ದುರಸ್ತಿ ಇವುಗಳಲ್ಲಿ ಯಾವುದು ಉದ್ಯೋಗವಲ್ಲ? ಗಣಕಯಂತ್ರವನ್ನು ಬಲ್ಲವನಿಗೂ ಇಲ್ಲಿ ಕೆಲಸವುಂಟು. ಬದಲಾಗುತ್ತಿರುವ ಕಾಲಕ್ಕೆ ಹಳೆಯ ಪಾಠವನ್ನೇ ಕಲಿಸಿ ಕಳುಹಿಸುವುದು ಆ ತಂದೆತಾಯಿಗಳಿಗೆ ಮಾಡುವ ವಂಚನೆಯೇ ಸರಿ.

ಆದುದರಿಂದ ಸರ್ಕಾರದವರ ಮುಂದೆಯೂ, ೧೯೯೮ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದವರ ಮುಂದೆಯೂ, ಕಾಲೇಜುಗಳ ಆಡಳಿತಮಂಡಲಿಗಳ ಮುಂದೆಯೂ ನಾವು ನಾಲ್ಕು ಸೂಚನೆಗಳನ್ನಿಡುತ್ತೇವೆ. ಮೊದಲನೆಯದಾಗಿ, ಊರಿನ ಕೆರೆ, ರಸ್ತೆ, ವಿದ್ಯುತ್ತುಗಳ ವಿಷಯದಲ್ಲಿ ಉಪಾಧ್ಯಾಯನು ಮಾಡಿದ ಪರೀಕ್ಷಿತವಾದ ಕೆಲಸವನ್ನೂ, ಬೋಧನಾಕ್ರಮದಲ್ಲಿ ಅವನು ಸಾಧಿಸಿದ ಸುಧಾರಣೆಯನ್ನೂ ಬಡ್ತಿಯ ವೇಳೆಯಲ್ಲಿ ಪ್ರಬಂಧಕ್ಕೆ ಸಮನಾಗಿ ಎಣಿಸಬೇಕು. ಎರಡನೆಯದಾಗಿ, ಇಂಜಿನಿಯರಿಂಗ್ ಬೋಧನೆಯನ್ನೇ ಸಂಶೋಧನೆಯ ವಿಷಯವನ್ನಾಗಿ ಮಾಡಿಕೊಂಡವರಿಗೆ ಸ್ಥಿರವಾದ ಹುದ್ದೆಗಳಿರಬೇಕು. ಹುಬ್ಬಳ್ಳಿಯಲ್ಲಿ ೧೯೪೭ರಲ್ಲಿ ಆರಂಭವಾಗಿ ೨೦೧೫ರಲ್ಲಿ ವಿಶ್ವವಿದ್ಯಾಲಯವಾದ ಭೂಮರಡ್ಡಿ ಕಾಲೇಜಿನವರು ಇಂತಹ ಸಂಶೋಧನೆಗೆ ಒಂದು ಕೇಂದ್ರವನ್ನೇ ನಡೆಸುತ್ತಿರುವುದು ಉಳಿದವರಿಗೆ ಮೇಲ್ಪಂಕ್ತಿಯಾಗಲಿ. ಮೂರನೆಯದಾಗಿ, ಪ್ರತಿಯೊಂದು ಕಾಲೇಜೂ ತಾನು ಬಳಸುವ ನೀರು, ವಿದ್ಯುತ್ತು, ತಾನು ಹೊರಚೆಲ್ಲುವ ಕಸ ಇವುಗಳ ಲೆಕ್ಕವನ್ನು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ಕೈಯಿಂದಲೇ ಬರೆಯಿಸಿ ಬಾಗಿಲಲ್ಲಿ ಅಂಟಿಸಬೇಕು. ತನ್ನ ಮನೆಯ ನಲ್ಲಿ ಸೋರುತ್ತಿರಲು ಅನ್ಯರಿಗೆ ನೀರಿನ ಮಿತವ್ಯಯವನ್ನು ಬೋಧಿಸುವುದು ಸಲ್ಲದು. ನಾಲ್ಕನೆಯದಾಗಿ, ಈ ಕಾರ್ಯಕ್ಕೆ ನಿಯುಕ್ತನಾದವನು ಪ್ರಾಂಶುಪಾಲರ ಸಮಿತಿಯಲ್ಲಿ ಕುಳಿತು ಮಾತನಾಡುವ ಅಧಿಕಾರವುಳ್ಳವನಾಗಿರಬೇಕು. ವನಮಹೋತ್ಸವದ ದಿನ ಸಸಿ ನೆಡಿಸಿ ಛಾಯಾಚಿತ್ರ ತೆಗೆಸುವ ಹುದ್ದೆ ನಮಗೆ ಬೇಕಾಗಿಲ್ಲ.

ಇವಕ್ಕೆ ತಗಲುವ ಹಣ ಹೆಚ್ಚಲ್ಲ. ಬೇಕಾದುದು ಅಳೆಯುವ ಕೋಲನ್ನು ಬದಲಾಯಿಸುವ ಧೈರ್ಯ. ಯಾವುದನ್ನು ಅಳೆಯುವೆವೋ ಅದೇ ಬೆಳೆಯುವುದು. ಪ್ರಬಂಧಗಳನ್ನೇ ಅಳೆದೆವು, ಪ್ರಬಂಧಗಳು ಬೆಳೆದುವು. ಕೆರೆಗಳನ್ನು ಅಳೆಯಲಿಲ್ಲ, ಅವು ಹೂತುಹೋದುವು. ಕಾಲೇಜುಗಳಿಗೆ ವಿಶ್ವೇಶ್ವರಯ್ಯನವರ ಹೆಸರನ್ನಿಡುವುದೂ, ಸೆಪ್ಟೆಂಬರ್ ೧೫ರಂದು ಅವರ ಪಟಕ್ಕೆ ಮಾಲೆ ಹಾಕುವುದೂ ಸುಲಭ. ಅವರು ಕಟ್ಟಿದ ನಾಡನ್ನು ಇನ್ನೊಂದು ನೂರು ವರ್ಷ ಬಾಳಿಸಬಲ್ಲವರನ್ನು ಸಿದ್ಧಗೊಳಿಸುವ ಗುರುವಿಗೆ ಅನ್ನವನ್ನೂ ಮರ್ಯಾದೆಯನ್ನೂ ಒದಗಿಸಿದಾಗಲೇ ಆ ಮಾಲೆ ಸಾರ್ಥಕವಾದೀತು. ಅಧಿಕಾರದಲ್ಲಿರುವವರು ಇದನ್ನು ಮನಗಾಣಲಿ. ಮಹಾಜನರೂ ಅವರನ್ನು ಕೇಳದೆ ಬಿಡದಿರಲಿ.